ಸಾಕಿದ ನಾಯಿಯೇ ಕಚ್ಚಿದಾಗ

ಸಹಪಾಠಿ ರೆಜಿಯ ಕಾರಿಗೆ ಸಿಕ್ಕಿ ಜಗ್‌ಹೆಡ್‌ನ ನಾಯಿ ಹಾಟ್ ಡಾಗ್ ಸಾಯುತ್ತದೆ. ಹುಡುಗ ಅದರ ಹೆಣ ಹೊತ್ತು ಮಾಟಗಾತಿ ಸಬ್ರಿನಾಳ ಬಾಗಿಲಿಗೆ ಹೋಗಿ ಬದುಕಿಸಿಕೊಡು ಎಂದು ಗೋಗರೆಯುತ್ತಾನೆ. ಅವಳು ಕನಿಕರಪಟ್ಟು ಮಾಡಬಾರದ ಮಂತ್ರ ಮಾಡುತ್ತಾಳೆ. ನಾಯಿ ಎದ್ದು ಬರುತ್ತದೆ, ಸಾಕಿದವನನ್ನೇ ಕಚ್ಚುತ್ತದೆ. ‘ಆಫ್ಟರ್‌ಲೈಫ್ ವಿತ್ ಆರ್ಚಿ’ ಕಾಮಿಕ್ಸ್‌ನ ಅನಾಹುತಕ್ಕೆಲ್ಲ ಈ ಪ್ರೀತಿಯೇ ಮೂಲ.

ಕಥೆ ರಾಬರ್ಟೊ ಅಗಿರೆ-ಸಕಾಸಾ ಅವರದು. ಫ್ರಾನ್ಸೆಸ್ಕೊ ಫ್ರಾಂಕವಿಲ್ಲಾ ಚಿತ್ರಗಳ ತುಂಬ ಕಪ್ಪು, ಕಿತ್ತಳೆ. ಜಗ್‌ಹೆಡ್‌ನ ಗೆಳೆಯ ಆರ್ಚಿ 1941ರಿಂದ ಹೈಸ್ಕೂಲಿನ ತುಂಟ. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಸಂಹಿತೆ, ಎದ್ದು ಓಡಾಡುವ ಹೆಣಗಳನ್ನು ನಿಷೇಧಿಸಿತ್ತು. ಅದನ್ನು ತಂದ ಪ್ರಕಾಶಕರ ಸಂಘದ ಅಧ್ಯಕ್ಷರಾಗಿದ್ದವರು ಆರ್ಚಿ ಸಂಸ್ಥೆಯ ಜಾನ್ ಗೋಲ್ಡ್‌ವಾಟರ್! 2011ರಲ್ಲಿ ಸಂಸ್ಥೆ ಸಂಹಿತೆಯನ್ನು ಕೈಬಿಟ್ಟಿತು. 2013ರಲ್ಲಿ ಆರ್ಚಿಯ ಊರು ರಿವರ್‌ಡೇಲ್‌ನ ಹೆಣಗಳು ಎದ್ದವು.

‘ಚಂದಮಾಮ’ ಓದಿ ಬೆಳೆದವರಿಗೆ ಮಾತಾಡುವ ಹೆಣ ಹೊಸದಲ್ಲ. ‘ಕಥಾಸರಿತ್ಸಾಗರ’ದ ಬೇತಾಳ ಹೇಳುವ ಕಥೆಯೊಂದರಲ್ಲಿ ನಾಲ್ವರು ಅಣ್ಣತಮ್ಮಂದಿರು ಕಾಡಿನಲ್ಲಿ ಸಿಕ್ಕ ಮೂಳೆಗೆ ಮಾಂಸ, ಚರ್ಮ, ಅಂಗಾಂಗ ಕೂಡಿಸಿ ಜೀವ ತುಂಬುತ್ತಾರೆ. ಎದ್ದು ನಿಂತ ಸಿಂಹ ನಾಲ್ವರನ್ನೂ ಕೊಲ್ಲುತ್ತದೆ. ಅಲ್ಲಿರುವುದು ವಿದ್ಯೆಯ ಜಂಬ. ತಕ್ಕ ಶಾಸ್ತಿಯಾಯಿತು ಎಂದು ಪುಟ ತಿರುವಬಹುದು. ಜಗ್‌ಹೆಡ್‌ ಮಾಡಿದ ತಪ್ಪಾದರೂ ಏನು? ಈ ಕಾಮಿಕ್ಸ್ ನನ್ನನ್ನು ಕಾಡುವುದು ಅದಕ್ಕೇ.

ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಬೆಟ್ಟ ಹತ್ತಿದವರಿಗೆ, ಪ್ರೀತಿಯೇ ಒಳಗೆ ಬಿಟ್ಟುಕೊಳ್ಳುವ ಈ ಅಪಾಯ ಇನ್ನೂ ಚೆನ್ನಾಗಿ ಅರ್ಥವಾದೀತು. ಉಚ್ಚಂಗಿಯ ಪಾಂಡ್ಯರ ಈ ಕೋಟೆಯನ್ನು ಗೆದ್ದು ಹೊಯ್ಸಳ ಇಮ್ಮಡಿ ಬಲ್ಲಾಳ ‘ಗಿರಿದುರ್ಗಮಲ್ಲ’ ಎನಿಸಿಕೊಂಡ. ಅಷ್ಟು ಬಿಗಿಯಾದ ದುರ್ಗ! ಆದರೆ ಕಲ್ಲುಗೋಡೆ ಕಟ್ಟುವುದು ಹೊರಗಿನವರ ವಿರುದ್ಧ. ರಿವರ್‌ಡೇಲ್‌ನ ಮಕ್ಕಳೂ ಗೆಳತಿ ವೆರೋನಿಕಾಳ ಬಂಗಲೆಯ ಬಾಗಿಲು ಹಾಕಿ ಕೂರುತ್ತಾರೆ. ಅಪ್ಪ ಅಮ್ಮನನ್ನು ಹುಡುಕಿ ಆರ್ಚಿ ಮನೆಗೆ ಹೊರಡುತ್ತಾನೆ. ದಾರಿಯಲ್ಲಿ ಅವನ ನಾಯಿ ವೇಗಸ್ ಹಾಟ್ ಡಾಗ್‌ಗೆ ಅಡ್ಡ ನಿಂತು ಪ್ರಾಣ ಕೊಡುತ್ತದೆ. ಮನೆಯಲ್ಲಿ ಎದುರಾಗುವುದು ಅಪ್ಪ ಫ್ರೆಡ್, ಆದರೆ ಹೆಣವಾಗಿ. ಅಮ್ಮನನ್ನು ಉಳಿಸಬೇಕಾದರೆ ಮಗ ಅಪ್ಪನ ಮೇಲೇ ಬ್ಯಾಟ್ ಎತ್ತಬೇಕು. ಎಪ್ಪತ್ತು ವರ್ಷ ನಗಿಸಿದ ಅದೇ ಹುಡುಗ. ಗುರುತಿಲ್ಲದ ಪಾತ್ರವಾಗಿದ್ದರೆ ಆ ಪುಟಕ್ಕೆ ಅಷ್ಟು ಭಾರವೇ ಇರುತ್ತಿರಲಿಲ್ಲ.

2016ರಲ್ಲಿ ಹತ್ತನೆಯ ಸಂಚಿಕೆ ಬಂತು, ಕಥೆ ಅರ್ಧಕ್ಕೇ ನಿಂತಿತು. ನಮ್ಮ ಚಿತ್ರಕಾರರು ಯಾರಾದರೂ ಬೇತಾಳನ ಆ ಸಿಂಹವನ್ನು ಉಚ್ಚಂಗಿ ಕೋಟೆಗೆ ತರಬೇಕು. ನಾಲ್ವರು ಪಂಡಿತರ ಬದಲು, ನಾಯಿ ಕಳೆದುಕೊಂಡ ಒಬ್ಬ ಕುರಿ ಕಾಯುವ ಹುಡುಗ ಸಾಕು.