ಹರಿಯುವ ರಕ್ತದಲ್ಲಿ ಬ್ಯಾಕ್ಟೀರಿಯಾದ ಹಿಡಿತ

ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಬದುಕಿ ಉಳಿಯಬೇಕಾದರೆ ಬೇಗನೆ ಎಲ್ಲಾದರೂ ಅಂಟಿಕೊಳ್ಳಬೇಕು. ಸುಮ್ಮನೆ ತೇಲುತ್ತಿದ್ದರೆ ಯಕೃತ್ತು, ಗುಲ್ಮಗಳಲ್ಲಿರುವ ಭಕ್ಷಕ ಕೋಶಗಳು ಅದನ್ನು ನುಂಗಿಹಾಕುತ್ತವೆ. ಹಲವು ಬ್ಯಾಕ್ಟೀರಿಯಾಗಳು ಆಸರೆಗೆ ಹಿಡಿಯುವುದು ಪ್ಲೇಟ್‌ಲೆಟ್‌ಗಳನ್ನು. ಡೆಂಗಿ ಹಬ್ಬಿದಾಗ ಮನೆಮನೆಯಲ್ಲೂ ಯಾವುದರ ಎಣಿಕೆ ಮಾತಾಗುತ್ತದೋ ಅದೇ ಪ್ಲೇಟ್‌ಲೆಟ್.

ಪ್ಲೇಟ್‌ಲೆಟ್ ಪೂರ್ಣ ಕೋಶವಲ್ಲ. ಮೂಳೆಮಜ್ಜೆಯ ದೊಡ್ಡ ಕೋಶಗಳಿಂದ ಕಳಚಿದ, ಕೋಶಕೇಂದ್ರವಿಲ್ಲದ, 2ರಿಂದ 3 ಮೈಕ್ರೊಮೀಟರ್ ಅಗಲದ ತುಣುಕು. ಆರೋಗ್ಯವಂತರ ಒಂದು ಮೈಕ್ರೊಲೀಟರ್ ರಕ್ತದಲ್ಲಿ ಇಂಥವು 1.5 ಲಕ್ಷದಿಂದ 4.5 ಲಕ್ಷದವರೆಗೆ ಇರುತ್ತವೆ. ಕೆಂಪು ರಕ್ತಕಣಗಳು ನಾಳದ ನಡುವಿನಲ್ಲಿ ಗುಂಪಾಗಿ ಸಾಗುತ್ತ ಈ ಪುಟ್ಟ ತುಣುಕುಗಳನ್ನು ಅಂಚಿಗೆ ತಳ್ಳುತ್ತವೆ. ಗಾಯವಾಗುವುದು ನಾಳದ ಗೋಡೆಗೇ ಆದ್ದರಿಂದ ಅದನ್ನು ಮುಚ್ಚುವ ಕೆಲಸಕ್ಕೆ ಇದು ಅನುಕೂಲ. ಗೋಡೆಗೆ ಅಂಟಲು ಬಯಸುವ ಬ್ಯಾಕ್ಟೀರಿಯಾಕ್ಕೂ ಅಷ್ಟೇ ಅನುಕೂಲ.

ನಾಳದಲ್ಲಿ ರಕ್ತ ಎಲ್ಲೆಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ನಡುವಿನ ಪದರ ವೇಗವಾಗಿ ಓಡುತ್ತದೆ, ಗೋಡೆಗೆ ತಾಗಿದ ಪದರ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಪದರದಿಂದ ಪದರಕ್ಕೆ ಇರುವ ಈ ವೇಗದ ವ್ಯತ್ಯಾಸ ಅಲ್ಲಿರುವ ಯಾವುದೇ ಕಣವನ್ನು ಜಗ್ಗುತ್ತದೆ. ಈ ಜಗ್ಗಾಟದ ಅಳತೆ ಅಭಿಧಮನಿಗಳಲ್ಲಿ ಸೆಕೆಂಡಿಗೆ ಕೆಲವು ಹತ್ತುಗಳಿಂದ ಸುಮಾರು 200ರವರೆಗೆ. ಅಪಧಮನಿಗಳಲ್ಲಿ ಹಲವು ನೂರು. ಕೊಬ್ಬು ಕಟ್ಟಿ ಕಿರಿದಾದ ಹೃದಯದ ನಾಳದಲ್ಲಿ 10,000 ದಾಟಬಹುದು. ಎಲ್ಲ ಹಿಡಿತಗಳೂ ಇಷ್ಟನ್ನು ತಾಳಲಾರವು.

ಬಹುಕಾಲ ಪ್ರಯೋಗಾಲಯಗಳು ಬ್ಯಾಕ್ಟೀರಿಯಾವನ್ನೂ ಪ್ಲೇಟ್‌ಲೆಟ್‌ಗಳನ್ನೂ ಒಂದು ಗಾಜಿನ ನಳಿಕೆಯಲ್ಲಿ ಬೆರೆಸಿ, ಗಂಟು ಕಟ್ಟುತ್ತವೆಯೇ ಎಂದು ನೋಡುತ್ತಿದ್ದವು. ಉಪಯುಕ್ತ ಪರೀಕ್ಷೆಯೇ, ಆದರೆ ದೇಹದೊಳಗಿನ ಸ್ಥಿತಿಯನ್ನು ಅರ್ಧ ಮಾತ್ರ ತೋರಿಸುವಂಥದ್ದು. ಈ ಕೊರತೆ ನೀಗಿಸಿದ್ದು ಹರಿವಿನ ಕೋಣೆ. ಎರಡು ಗಾಜಿನ ತಟ್ಟೆಗಳ ನಡುವೆ ಕೂದಲೆಳೆಯಷ್ಟು ತೆಳುವಾದ ಸಂದು. ಕೆಳಗಿನ ಗಾಜಿಗೆ ಬ್ಯಾಕ್ಟೀರಿಯಾದ ಲೇಪ. ಹೊಳೆಯುವ ಬಣ್ಣ ಹಾಕಿದ ರಕ್ತವನ್ನು ಪಂಪು ನಿಗದಿತ ವೇಗದಲ್ಲಿ ನೂಕುತ್ತದೆ. ಯಾವ ಪ್ಲೇಟ್‌ಲೆಟ್ ತಾಗಿ ಹೋಯಿತು, ಯಾವುದು ಉರುಳುತ್ತ ನಿಧಾನವಾಯಿತು, ಯಾವುದು ನಿಂತೇಬಿಟ್ಟಿತು ಎಂಬುದೆಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ.

ಬಾಯಲ್ಲಿ ವಾಸಿಸುವ ಸ್ಟ್ರೆಪ್ಟೊಕಾಕಸ್ ಗೋರ್ಡೋನಿಯೈ ತನ್ನ ಮೈಮೇಲಿನ ಎಚ್‌ಎಸ್‌ಎ ಎಂಬ ಪ್ರೋಟೀನಿನಿಂದ ಪ್ಲೇಟ್‌ಲೆಟ್‌ನ ಜಿಪಿ-ಒನ್-ಬಿ ಗ್ರಾಹಕದ ತುದಿಯಲ್ಲಿರುವ ಸಯಾಲಿಕ್ ಆಮ್ಲವನ್ನು ನೇರವಾಗಿ ಹಿಡಿಯುತ್ತದೆ. ನಿಧಾನ ಹರಿವಿನಲ್ಲಿ ಪ್ಲೇಟ್‌ಲೆಟ್ ಅದರ ಮೇಲೆ ಉರುಳಿ ನಿಲ್ಲಬಲ್ಲದು. ಸ್ಟಫೈಲೊಕಾಕಸ್ ಆರಿಯಸ್‌ನ ದಾರಿ ಬೇರೆ. ಅದರ ಕ್ಲಂಪಿಂಗ್ ಫ್ಯಾಕ್ಟರ್-ಎ ಮೊದಲು ರಕ್ತದ ಫೈಬ್ರಿನೋಜನ್ ಅನ್ನು ಹಿಡಿಯುತ್ತದೆ, ಫೈಬ್ರಿನೋಜನ್‌ನ ಇನ್ನೊಂದು ತುದಿ ಪ್ಲೇಟ್‌ಲೆಟ್‌ಗೆ ಸೇತುವೆಯಾಗುತ್ತದೆ. ಜೊತೆಗೆ ಆ ಬ್ಯಾಕ್ಟೀರಿಯಾದ ವಿರುದ್ಧ ದೇಹವೇ ತಯಾರಿಸಿದ ಪ್ರತಿಕಾಯಗಳು ಪ್ಲೇಟ್‌ಲೆಟ್ ಅನ್ನು ಕೆರಳಿಸುತ್ತವೆ. ಕಾವಲಿಗೆ ಇಟ್ಟದ್ದೇ ಇಲ್ಲಿ ಶತ್ರುವಿನ ಕೆಲಸಕ್ಕೆ ಬರುತ್ತದೆ. ಅಪಧಮನಿಯ ವೇಗದ ಹರಿವಿನಲ್ಲೂ ಈ ಏರ್ಪಾಡಿನಿಂದ ಗಂಟುಗಳು ಕಟ್ಟುತ್ತವೆ ಎಂದು ಡಬ್ಲಿನ್‌ನ ಸಂಶೋಧಕರು 2008ರಲ್ಲಿ ತೋರಿಸಿದರು.

ಹರಿವು ಇನ್ನೂ ಬಿರುಸಾದರೆ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ಎಂಬ ಉದ್ದನೆಯ ಪ್ರೋಟೀನಿನ ಪಾತ್ರ ದೊಡ್ಡದಾಗುತ್ತದೆ. ಇದರ ಕೊರತೆಯಿಂದ ಬರುವ ರಕ್ತಸ್ರಾವದ ರೋಗವನ್ನು ಫಿನ್ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ 1926ರಲ್ಲಿ ವರ್ಣಿಸಿದ್ದರಿಂದ ಈ ಹೆಸರು. ಶಾಂತ ರಕ್ತದಲ್ಲಿ ಇದು ನೂಲಿನುಂಡೆಯಂತೆ ಸುತ್ತಿಕೊಂಡಿರುತ್ತದೆ. ಜಗ್ಗಾಟ ಹೆಚ್ಚಿದಾಗ ಬಿಚ್ಚಿಕೊಂಡು, ಪ್ಲೇಟ್‌ಲೆಟ್ ಹಿಡಿಯುವ ಜಾಗಗಳನ್ನು ಹೊರಗೆ ಚಾಚುತ್ತದೆ. ಸ್ಟಫೈಲೊಕಾಕಸ್‌ಗೂ ಇದನ್ನು ಹಿಡಿಯುವ ಪ್ರೋಟೀನುಗಳಿವೆ. ಜೋರಾಗಿ ಎಳೆದರೆ ಬಿಡುವ ಬದಲು ಬಿಗಿಯಾಗುವ ಬಂಧಗಳೂ ಇವುಗಳ ನಡುವೆ ಇವೆ. ನಿಂತ ದ್ರವದಲ್ಲಿ ಎಷ್ಟು ಹುಡುಕಿದರೂ ಕಾಣದ ಗುಣವಿದು.

ಇದೆಲ್ಲ ಕಾಯಿಲೆಯಾಗಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಹೃದಯದ ಕವಾಟದಲ್ಲಿ, ಎಂಡೊಕಾರ್ಡೈಟಿಸ್ ಎಂಬ ಹೆಸರಿನಲ್ಲಿ. ಸೋರುವ ಕವಾಟದಿಂದ ರಕ್ತ ಚಿಮ್ಮಿದಾಗ ಒಳಪದರ ಸವೆಯುತ್ತದೆ. ಸವೆದಲ್ಲಿ ಪ್ಲೇಟ್‌ಲೆಟ್ ಮತ್ತು ಫೈಬ್ರಿನ್ ಕೂಡುತ್ತವೆ, ಅದರ ಮೇಲೆ ಬ್ಯಾಕ್ಟೀರಿಯಾ ಇಳಿಯುತ್ತದೆ. ಒತ್ತಡ ಕಡಿಮೆಯಿರುವ ಬದಿಯಲ್ಲೇ ಗಂಟು ಬೆಳೆಯುವುದು ಹೆಚ್ಚು: ಮೈಟ್ರಲ್ ಕವಾಟ ಸೋರುತ್ತಿದ್ದರೆ ಹೃತ್ಕರ್ಣದ ಕಡೆ. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟವರು ಭಾರತದಲ್ಲಿ ಇನ್ನೂ ಬಹಳ ಮಂದಿ ಇರುವುದರಿಂದ ಈ ರೋಗ ಇಲ್ಲಿಯ ವೈದ್ಯರಿಗೆ ಅಪರಿಚಿತವಲ್ಲ.

ಗಂಟಿನೊಳಗೆ ಹುದುಗಿದ ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳು ಸುಲಭವಾಗಿ ತಲುಪಲಾರವು. ಅದಕ್ಕೇ ಸಾಮಾನ್ಯವಾಗಿ 4ರಿಂದ 6 ವಾರ ಆ್ಯಂಟಿಬಯಾಟಿಕ್ ಅನ್ನು ರಕ್ತನಾಳಕ್ಕೇ ಕೊಡಬೇಕಾಗುತ್ತದೆ. ಗಂಟಿನ ಚೂರು ಒಡೆದು ಮಿದುಳಿಗೆ ಹೋದರೆ ಪಾರ್ಶ್ವವಾಯು. ಪ್ಲೇಟ್‌ಲೆಟ್‌ಗಳ ಕೈ ಕಟ್ಟಿದರೆ ಸಾಕಲ್ಲವೇ ಎಂಬ ಯೋಚನೆ ಸಹಜ. ಆದರೆ ಕೆನಡಾದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಆಸ್ಪಿರಿನ್ ಇಂಥ ಚೂರುಗಳ ಹಾವಳಿಯನ್ನು ತಗ್ಗಿಸಲಿಲ್ಲ. ಹಿಡಿತದ ದಾರಿಗಳು ಹಲವಿರುವಾಗ ಒಂದನ್ನು ಮುಚ್ಚಿದರೆ ಸಾಲದು.

ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರುವ ಸುಲಭದ ದಾರಿ ಹುಣ್ಣಾದ ವಸಡು. ಕೃತಕ ಕವಾಟ ಹಾಕಿಸಿಕೊಂಡವರು, ಹಿಂದೊಮ್ಮೆ ಎಂಡೊಕಾರ್ಡೈಟಿಸ್ ಬಂದವರು ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ಅಂಥವರಿಗೆ ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮೊದಲು ಒಂದು ಡೋಸ್ ಆ್ಯಂಟಿಬಯಾಟಿಕ್ ಕೊಡುವುದು ಈಗಿನ ಕ್ರಮ.