ಎರಡು ಉತ್ತರ ಹಾಳೆ, ಒಂದು ಉಪಪ್ರಶ್ನೆ

ವಿಧಾನಸಭೆಯ ಗ್ಯಾಲರಿಯಲ್ಲಿ ಕೂತು ನೋಡಿದ ಆ ನಾಲ್ಕೈದು ನಿಮಿಷ ಇನ್ನೂ ತಲೆಯಿಂದ ಹೋಗಿಲ್ಲ. ಪ್ರಶ್ನೋತ್ತರ ವೇಳೆ ನಡೆದಿತ್ತು. ಕೆರೆಯೊಂದರ ಹೂಳೆತ್ತುವ ಕಾಮಗಾರಿಯ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆ. ಸಭಾಧ್ಯಕ್ಷರು ಹೆಸರು ಕರೆದರು, ಸದಸ್ಯರು ಎದ್ದು ಪ್ರಶ್ನೆಯ ಸಂಖ್ಯೆ ಹೇಳಿದರು, ಮಂತ್ರಿಗಳು ‘ಉತ್ತರವನ್ನು ಒದಗಿಸಲಾಗಿದೆ ಅಧ್ಯಕ್ಷರೇ’ ಎಂದು ಕೂತರು. ದಿನವೂ ನಡೆಯುವ ಕ್ರಮ ಇಷ್ಟೇ. ಆದರೆ ಸದಸ್ಯರು ಕೂರಲಿಲ್ಲ. ಅವರ ಕೈಯಲ್ಲಿ ಎರಡು ಹಾಳೆ ಇದ್ದವು. ಒಂದು ಅವತ್ತಿನ ಉತ್ತರ. ಇನ್ನೊಂದು ಹಳೆಯದು, ಮಡಿಸಿ ಮಡಿಸಿ ಅಂಚು ಸವೆದಿದ್ದದ್ದು ಮೇಲಿನಿಂದಲೂ ಕಾಣುತ್ತಿತ್ತು.

‘ಅಧ್ಯಕ್ಷರೇ, ಹೋದ ಅಧಿವೇಶನದಲ್ಲಿ ಇದೇ ಕೆರೆಗೆ ಕೊಟ್ಟ ಉತ್ತರದಲ್ಲಿ ಕಾಮಗಾರಿ ಪ್ರಗತಿಯಲ್ಲಿದೆ ಅಂತ ಇದೆ. ಇವತ್ತಿನ ಉತ್ತರದಲ್ಲಿ ಟೆಂಡರ್ ಹಂತದಲ್ಲಿದೆ ಅಂತ ಇದೆ. ಮುಂದೆ ಹೋಗಿದ್ದ ಕೆಲಸ ಹಿಂದಕ್ಕೆ ಹೇಗೆ ಬಂತು? ದುಡ್ಡು ಬಿಡುಗಡೆ ಆಗಿದೆಯೋ ಇಲ್ಲವೋ, ಮಾನ್ಯ ಸಚಿವರು ಅಷ್ಟು ಹೇಳಲಿ.’

ದನಿ ಏರಲಿಲ್ಲ. ಮೇಜು ಕುಟ್ಟಲಿಲ್ಲ. ಮಂತ್ರಿಗಳು ತಮ್ಮ ಹಾಳೆಯನ್ನು ತಿರುವಿ ನೋಡಿದರು, ಅಧಿಕಾರಿಗಳ ಗ್ಯಾಲರಿಯತ್ತ ಕಣ್ಣು ಹಾಯಿಸಿದರು. ಅಲ್ಲಿ ಒಬ್ಬರು ಗಡಿಬಿಡಿಯಲ್ಲಿ ಏನೋ ಗೀಚಿದರು. ಚೀಟಿ ಕೈಯಿಂದ ಕೈಗೆ ದಾಟಿ ಮಂತ್ರಿಗಳ ಮೇಜಿಗೆ ಬಂತು. ಓದಿದರು, ಮತ್ತೊಮ್ಮೆ ಓದಿದರು. ‘ಪರಿಶೀಲಿಸಿ ಸದಸ್ಯರಿಗೆ ಲಿಖಿತವಾಗಿ ತಿಳಿಸುತ್ತೇನೆ’ ಎಂದರು. ಸಭಾಧ್ಯಕ್ಷರು ಮುಂದಿನ ಪ್ರಶ್ನೆಗೆ ಹೋದರು. ಮಧ್ಯಾಹ್ನ ಇನ್ನಾವುದೋ ವಿಷಯಕ್ಕೆ ಗದ್ದಲವೆದ್ದು ಸದಸ್ಯರು ಸದನದ ಬಾವಿಗಿಳಿದರು. ಮರುದಿನದ ಪತ್ರಿಕೆಗಳಲ್ಲಿ ಅದೇ ಸುದ್ದಿ, ಕೆರೆಯದು ಒಂದು ಸಾಲೂ ಇರಲಿಲ್ಲ. ನನ್ನ ಪ್ರಕಾರ ಅವತ್ತು ಸದನದಲ್ಲಿ ನಡೆದ ನಿಜವಾದ ಕೆಲಸ ಆ ಕೆರೆಯದೇ.

ಉತ್ತರ ಹಾಳೆಗಳನ್ನು ಓದುವ ಅಭ್ಯಾಸ ಇರುವವರಿಗೆ ಅದರ ರೂಪ ಕಣ್ಣಿಗೆ ಕಟ್ಟಿರುತ್ತದೆ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ, ನಡುವೆ ಗೆರೆ. (ಅ) ಇಂಥ ಕೆರೆ ಹೂಳು ತುಂಬಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದೆ. (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? ಅನುದಾನದ ಲಭ್ಯತೆಗನುಗುಣವಾಗಿ ಕ್ರಮ ವಹಿಸಲಾಗುವುದು. (ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? ಮೇಲಿನ ಉತ್ತರದ ಹಿನ್ನೆಲೆಯಲ್ಲಿ ಉದ್ಭವಿಸುವುದಿಲ್ಲ. ಬೇಸರದ ಓದು ಎಂದು ಬಹಳ ಜನ ಪಕ್ಕಕ್ಕಿಡುತ್ತಾರೆ. ನಾನು ಇಡುವುದಿಲ್ಲ. ಕೊನೆಯಲ್ಲಿ ಲಗತ್ತಿಸಿದ ಅನುಬಂಧ ನೋಡಿ: ಯಾವ ಹೋಬಳಿಗೆ ಎಷ್ಟು ಮಂಜೂರು, ಎಷ್ಟು ಬಿಡುಗಡೆ, ಎಷ್ಟು ಖರ್ಚು, ಎಷ್ಟು ಬಾಕಿ, ಎಲ್ಲ ಸಾಲಾಗಿ ಇರುತ್ತದೆ. ಬಜೆಟ್ ಭಾಷಣದಲ್ಲಿ ಈ ವಿವರ ಸಿಗುವುದಿಲ್ಲ. ಸರ್ಕಾರ ತನ್ನ ಹೆಸರಿನಲ್ಲಿ ಸದನಕ್ಕೆ ಒಪ್ಪಿಸಿದ ಲೆಕ್ಕವಾದ್ದರಿಂದ, ನಾಳೆ ಇದು ನಮ್ಮದಲ್ಲ ಎನ್ನುವಂತೆಯೂ ಇಲ್ಲ. ಒಂದೇ ವಿಷಯದ ಎರಡು ಉತ್ತರಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು, ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಚುಕ್ಕೆ ಗುರುತಿನ ಪ್ರಶ್ನೆಗೆ ಬೆಲೆ ಬರುವುದೂ ಆಗಲೇ, ಎದ್ದು ನಿಂತು ಉಪಪ್ರಶ್ನೆ ಕೇಳುವ ಹಕ್ಕು ಇರುವುದರಿಂದ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನವು, 230 ಚುಕ್ಕೆ ಗುರುತಿಲ್ಲದವು. ಎರಡನೆಯ ಬಗೆಯವಕ್ಕೆ ಲಿಖಿತ ಉತ್ತರ ಮಾತ್ರ. ಮೊದಲನೆಯ ಬಗೆಯಲ್ಲಿ ಮೌಖಿಕ ಉತ್ತರಕ್ಕೆ ತಯಾರಾಗುವ ಮಂತ್ರಿ, ಸದಸ್ಯ ಇನ್ನೇನು ಕೇಳಬಹುದು ಎಂದು ಊಹಿಸಿ ಇಡೀ ಕಡತ ಓದಿಕೊಂಡು ಬರಬೇಕಾಗುತ್ತದೆ.

ಈ ಹಕ್ಕು ಬಂದ ದಾರಿ ಉದ್ದದ್ದು. ಬ್ರಿಟನ್ನಿನಲ್ಲಿ ದಾಖಲೆಗೆ ಸಿಕ್ಕ ಮೊದಲ ಪ್ರಶ್ನೆ 1721ರದು, ಅದೂ ದುಡ್ಡಿನ ವಿಷಯ. ಸೌತ್ ಸೀ ಕಂಪನಿಯ ಷೇರು ಕುಸಿದು, ಅದರ ಖಜಾಂಚಿ ದೇಶ ಬಿಟ್ಟು ಓಡಿದ್ದ. ಅವನು ಸೆರೆಸಿಕ್ಕಿದ್ದು ನಿಜವೇ ಎಂದು ಲಾರ್ಡ್ಸ್ ಸಭೆಯಲ್ಲಿ ಕೇಳಲಾಯಿತು. ನಮ್ಮಲ್ಲಿ 1861ರ ಕಾಯಿದೆಯ ಶಾಸನ ಪರಿಷತ್ತುಗಳಿಗೆ ಪ್ರಶ್ನೆ ಕೇಳುವ ಅಧಿಕಾರವೇ ಇರಲಿಲ್ಲ. 1892ರ ಕಾಯಿದೆಯಿಂದ ಅದು ಬಂತು, ಆರು ದಿನ ಮೊದಲು ನೋಟಿಸು ಕೊಡುವ ಷರತ್ತಿನೊಂದಿಗೆ. ಕೊಟ್ಟ ಉತ್ತರದ ಮೇಲೆ ಮತ್ತೆ ಸೊಲ್ಲೆತ್ತುವಂತಿರಲಿಲ್ಲ.

ಆ ಹಕ್ಕನ್ನು ಮೊದಲು ಬಳಸಿದವರು ಅವಧದ ಭಿಂಗಾ ಸಂಸ್ಥಾನದ ರಾಜರು, 1893ರ ಫೆಬ್ರವರಿ 16ರಂದು. ಈ ಸಂಗತಿ ತಿಳಿದಾಗಿನಿಂದ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ದೊಡ್ಡ ಜಮೀನ್ದಾರ, ವೈಸ್‌ರಾಯ್ ಅಧ್ಯಕ್ಷತೆಯ ಪರಿಷತ್ತು, ಇಡೀ ದೇಶದ ಪರವಾಗಿ ಮೊಟ್ಟಮೊದಲ ಪ್ರಶ್ನೆ ಕೇಳುವ ಅವಕಾಶ. ಅವರು ಕೇಳಿದ್ದು ಹಳ್ಳಿಯ ಅಂಗಡಿಕಾರರ ವಿಷಯ! ಪ್ರವಾಸ ಬರುವ ಸರ್ಕಾರಿ ಅಧಿಕಾರಿಗಳಿಗೆ ದಿನಸಿ ಒದಗಿಸಬೇಕಾಗಿ ಬಂದು ಅಂಗಡಿಯವರು ಪಡುತ್ತಿದ್ದ ಕಷ್ಟ.

ನಮ್ಮ ಹಳೆಯ ತಲೆಮಾರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಹೇಬರ ಮೊಕ್ಕಾಂ ಎಂದರೆ ಊರಿಗೆ ಊರೇ ಎದ್ದು ಓಡಾಡಬೇಕಿತ್ತು. ಡೇರೆ ಎಲ್ಲಿ ಹಾಕಬೇಕು, ಕುದುರೆಗೆ ಹುರುಳಿ ಯಾರ ಮನೆಯಿಂದ, ತುಪ್ಪ ಯಾರದು, ಕೋಳಿ ಯಾರದು, ಸೌದೆ ಹೊರುವವರು ಯಾರು ಎಂದು ಪಟೇಲರು, ಶ್ಯಾನುಭೋಗರು ಮನೆಮನೆಗೆ ಹೇಳಿಕಳಿಸುತ್ತಿದ್ದರು. ಸಾಹೇಬರು ದುಡ್ಡು ಕೊಟ್ಟರೂ ಅದು ಅಂಗಡಿ ಶೆಟ್ಟರ ಗಲ್ಲಾಪೆಟ್ಟಿಗೆ ತಲುಪುವ ಮೊದಲು ನಾಲ್ಕು ಕೈ ದಾಟಬೇಕು. ಯಾರ ಹತ್ತಿರ ದೂರುವುದು? ದೂರು ಕೇಳಬೇಕಾದವರೇ ಡೇರೆಯಲ್ಲಿ ಊಟಕ್ಕೆ ಕೂತವರು. ಈ ಚಿಕ್ಕ ಹಿಂಸೆಯನ್ನು ಸಾಮ್ರಾಜ್ಯದ ಪರಿಷತ್ತಿನ ಮುಂದಿಟ್ಟದ್ದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ಸರ್ಕಾರದ ಖರ್ಚು ಎಂದರೆ ಖಜಾನೆಯಿಂದ ಹೋದದ್ದಷ್ಟೇ ಲೆಕ್ಕಕ್ಕೆ ಬರುತ್ತದೆ. ಆ ಖರ್ಚನ್ನು ಬಡ ಅಂಗಡಿಯವನು ಹೊತ್ತರೆ ಯಾವ ಲೆಕ್ಕಪತ್ರದಲ್ಲೂ ಕಾಣುವುದಿಲ್ಲ. ಕಾಣದ ಆ ಲೆಕ್ಕದಿಂದಲೇ ನಮ್ಮ ಪ್ರಶ್ನೋತ್ತರದ ಚರಿತ್ರೆ ಆರಂಭವಾಗಿದೆ.

ಅದಕ್ಕೂ ಮೊದಲೇ, 1881ರಲ್ಲಿ, ರಂಗಾಚಾರ್ಲು ದಿವಾನರಾಗಿದ್ದಾಗ ಮೈಸೂರಿನಲ್ಲಿ 144 ಸದಸ್ಯರ ಪ್ರಜಾಪ್ರತಿನಿಧಿ ಸಭೆ ಸೇರಿತ್ತು. ದಸರೆಗೆ ಬಂದವರು ತಮ್ಮ ತಾಲ್ಲೂಕಿನ ಕಷ್ಟಸುಖ ನಿವೇದಿಸುತ್ತಿದ್ದರು, ದಿವಾನರು ಕೇಳಿಸಿಕೊಳ್ಳುತ್ತಿದ್ದರು. ಸಭೆಗೆ ಶಾಸನಬದ್ಧ ನೆಲೆ ಸಿಕ್ಕಿದ್ದು 1923ರಲ್ಲಿ. ಉಪಪ್ರಶ್ನೆಯಂತೂ ಬ್ರಿಟಿಷ್ ಇಂಡಿಯಾದಲ್ಲಿ 1909ರ ಸುಧಾರಣೆಯೊಂದಿಗೆ ಬಂತು, ಅದೂ ಮೂಲ ಪ್ರಶ್ನೆ ಕೇಳಿದವರಿಗೆ ಮಾತ್ರ. ಬೇರೆ ಸದಸ್ಯರೂ ಕೇಳಬಹುದು ಎಂದಾದದ್ದು 1919ರ ಕಾಯಿದೆಯ ನಂತರ.

ಸ್ವತಂತ್ರ ಭಾರತದಲ್ಲಿ ಈ ಹಕ್ಕಿನ ಪೂರ್ತಿ ಬಲ ತೋರಿಸಿದವರು ಫಿರೋಜ್ ಗಾಂಧಿ. ರಾಯಬರೇಲಿಯ ಕಾಂಗ್ರೆಸ್ ಸದಸ್ಯ, ಪ್ರಧಾನಿಯ ಅಳಿಯ. ಪ್ರಶ್ನೆ ಕೇಳುವುದು ವಿರೋಧ ಪಕ್ಷದ ಕೆಲಸ ಎಂದು ಆಳುವ ಪಕ್ಷದ ಶಾಸಕರು ಸುಮ್ಮನೆ ಕೂರುವುದನ್ನು ಕಂಡಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಖಾಸಗಿ ವಿಮಾ ಕಂಪನಿಯ ಹಣವನ್ನು ಉದ್ಯಮಿ ದಾಲ್ಮಿಯಾ ದುರುಪಯೋಗ ಮಾಡಿಕೊಂಡದ್ದನ್ನು 1955ರಲ್ಲಿ ಅವರು ಸದನದಲ್ಲಿ ಬಿಚ್ಚಿಟ್ಟರು. ಮರುವರ್ಷ ಜೀವವಿಮೆ ರಾಷ್ಟ್ರೀಕರಣವಾಗಿ ಎಲ್‌ಐಸಿ ಹುಟ್ಟಿತು. ಆ ಎಲ್‌ಐಸಿಗೆ ಒಂದು ವರ್ಷ ತುಂಬುವ ಮೊದಲೇ, 1957ರ ಜೂನ್‌ನಲ್ಲಿ, ಕಲ್ಕತ್ತದ ಹರಿದಾಸ್ ಮುಂಧ್ರಾನ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಳ್ಳಲಾಯಿತು. ನಿಗಮಕ್ಕೆ ತನ್ನದೇ ಹೂಡಿಕೆ ಸಮಿತಿ ಇತ್ತು. ಅದನ್ನು ಮೊದಲು ಕೇಳಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ ರಾಮ್ ಸುಭಗ್ ಸಿಂಗ್ ಈ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಹಾಕಿದರು. ಅವರೂ ಕಾಂಗ್ರೆಸ್ಸಿನವರೇ. ನವೆಂಬರ್‌ನಲ್ಲಿ ಮತ್ತೆ ಪ್ರಶ್ನೆ. ಡಿಸೆಂಬರ್ 16ರಂದು ಫಿರೋಜ್ ಚರ್ಚೆ ಆರಂಭಿಸಿದರು. ಸಂಸತ್ತೇ ಹುಟ್ಟಿಸಿದ ಸಂಸ್ಥೆಯ ಮೇಲೆ ಸಂಸತ್ತೇ ಕಾವಲಿರಬೇಕು ಎಂಬುದು ಅವರ ವಾದದ ತಿರುಳು. ಬೈಗುಳ ಅವರಿಗೆ ಬೇಕಾಗಲಿಲ್ಲ. ಷೇರು ಪೇಟೆಯ ದರ, ಕೊಂಡ ದರ, ದಿನಾಂಕ ಎಲ್ಲ ಅವರ ಕೈಯಲ್ಲಿದ್ದವು. ಸರ್ಕಾರ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರ ಏಕಸದಸ್ಯ ಆಯೋಗ ನೇಮಿಸಿತು. ವಿಚಾರಣೆ ಬಹಿರಂಗವಾಗಿಯೇ ನಡೆಯಿತು. ಒಳಗೆ ಜಾಗ ಸಿಗದವರಿಗಾಗಿ ಹೊರಗೆ ಧ್ವನಿವರ್ಧಕ ಹಾಕಿದ್ದರು. ಒಂದು ತಿಂಗಳೊಳಗೆ ವರದಿ ಬಂತು. ಅಧೀನ ಅಧಿಕಾರಿಗಳು ಮಾಡಿದ್ದಕ್ಕೂ ಮಂತ್ರಿಯೇ ಹೊಣೆ ಎಂದು ಛಾಗ್ಲಾ ಬರೆದರು. ಇಂಥ ವಿಷಯಗಳಲ್ಲಿ ಸಂಸತ್ತನ್ನು ಆದಷ್ಟು ಬೇಗ ವಿಶ್ವಾಸಕ್ಕೆ ತೆಗೆದುಕೊಳ್ಳಬೇಕು ಎಂದೂ ಬರೆದರು. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಆ ವರ್ಷದ ಬಜೆಟ್ಟನ್ನು ನೆಹರೂ ಅವರೇ ಮಂಡಿಸಬೇಕಾಯಿತು.

ಇವತ್ತಿನ ಸ್ಥಿತಿಯ ಬಗ್ಗೆ ನನಗೆ ಅಸಮಾಧಾನವಿದೆ, ಮುಚ್ಚಿಡುವುದಿಲ್ಲ. ಧರಣಿಗೆ ಬಲಿಯಾಗುವುದು ಮೊದಲು ಪ್ರಶ್ನೋತ್ತರ ವೇಳೆಯೇ. 2020ರ ಸೆಪ್ಟೆಂಬರ್‌ನಲ್ಲಿ ಕೋವಿಡ್ ಕಾರಣ ಹೇಳಿ ಸಂಸತ್ತು ಇಡೀ ಅಧಿವೇಶನಕ್ಕೆ ಅದನ್ನು ಕೈಬಿಟ್ಟಿತು. ಲಿಖಿತ ಉತ್ತರಗಳು ಬಂದವು, ಉಪಪ್ರಶ್ನೆ ಇರಲಿಲ್ಲ. ಅದಕ್ಕೂ ಮೊದಲು, 2005ರ ಡಿಸೆಂಬರ್‌ನಲ್ಲಿ, ಪ್ರಶ್ನೆ ಕೇಳಲು ದುಡ್ಡು ಪಡೆದರೆಂದು 11 ಸಂಸದರನ್ನು ಉಚ್ಚಾಟಿಸಿದ್ದೂ ಇದೆ. ಇಷ್ಟಾದರೂ ಈ ವ್ಯವಸ್ಥೆಯಲ್ಲಿ ನಾನು ನಂಬಿಕೆ ಕಳೆದುಕೊಂಡಿಲ್ಲ, ಏಕೆಂದರೆ ‘ಪರಿಶೀಲಿಸಿ ತಿಳಿಸುತ್ತೇನೆ’ ಎಂಬ ಮಂತ್ರಿಯ ಮಾತು ಗಾಳಿಗೆ ಹೋಗುವುದಿಲ್ಲ. ಅಂಥ ಮಾತುಗಳನ್ನು ಆರಿಸಿ, ಈಡೇರಿದೆಯೇ ಎಂದು ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಇದೆ; ಲೋಕಸಭೆಯಲ್ಲಿ 1953ರಿಂದ. ನಮ್ಮ ವಿಧಾನಮಂಡಲದಲ್ಲೂ ಇದೆ. ಇಂಥ ಸಮಿತಿಯ ವರದಿಗಳನ್ನು ಪತ್ರಕರ್ತರು ಓದುವುದು ಕಡಿಮೆ. ಓದಬೇಕು.

ಪತ್ರಕರ್ತರು ಇದನ್ನೆಲ್ಲ ನಿರ್ಭಯವಾಗಿ ಬರೆಯುವುದಕ್ಕೂ ಫಿರೋಜ್ ಗಾಂಧಿಯವರ ಋಣವಿದೆ. ಸಂಸತ್ತಿನ ಕಲಾಪವನ್ನು ನಿಜವಾಗಿ ವರದಿ ಮಾಡಿದ್ದಕ್ಕೆ ಪತ್ರಿಕೆಗಳ ಮೇಲೆ ಮೊಕದ್ದಮೆ ಬೀಳದಂತೆ ಅವರು ತಂದ ಖಾಸಗಿ ಮಸೂದೆ 1956ರಲ್ಲಿ ಕಾಯಿದೆಯಾಯಿತು. ತುರ್ತು ಪರಿಸ್ಥಿತಿಯಲ್ಲಿ, ಅವರ ಪತ್ನಿಯ ಸರ್ಕಾರವೇ ಅದನ್ನು ರದ್ದುಪಡಿಸಿತು. 1977ರಲ್ಲಿ ಅದು ಮರಳಿತು. 1978ರ 44ನೇ ತಿದ್ದುಪಡಿ ಅದೇ ರಕ್ಷಣೆಯನ್ನು 361ಎ ವಿಧಿಯಾಗಿ ಸಂವಿಧಾನಕ್ಕೆ ಸೇರಿಸಿತು, ಸಂಸತ್ತಿನ ಜೊತೆಗೆ ರಾಜ್ಯಗಳ ಶಾಸನಸಭೆಗಳಿಗೂ ಅನ್ವಯಿಸುವಂತೆ.