ಹಸು ಈಯುವ ಹೊತ್ತಿಗೆ ತುರ್ತು ಸಿದ್ಧತೆ

ಬಹುಪಾಲು ಹಸುಗಳು ಯಾರ ನೆರವೂ ಇಲ್ಲದೆ ಕರು ಹಾಕುತ್ತವೆ. ಆದರೆ ತೊಂದರೆ ಬರುವುದು ಅನೇಕ ವೇಳೆ ನಡುರಾತ್ರಿಯಲ್ಲಿ. ಆಗ ಸಾಮಾನು ಹುಡುಕುತ್ತ ಕಳೆದ ಒಂದು ಗಂಟೆಗೆ ಕರುವನ್ನೋ ಹಸುವನ್ನೋ ತೆರಬೇಕಾಗುತ್ತದೆ. ಆದ್ದರಿಂದ ಸಿದ್ಧತೆ ಮೊದಲೇ ಮುಗಿದಿರಬೇಕು.

ಮುಂಚಿತವಾಗಿ ಮಾಡುವುದೇನು?

ಗಬ್ಬ ಕಟ್ಟಿದ ದಿನಾಂಕವನ್ನು ಬರೆದಿಡಿ. ಹಸು ಸುಮಾರು 280 ದಿನಗಳಿಗೆ, ಎಮ್ಮೆ ಸುಮಾರು 310 ದಿನಗಳಿಗೆ ಈಯುತ್ತದೆ. ದಿನ ತುಂಬುವ ಎರಡು ವಾರ ಮೊದಲು ಬೇರೆ ಕಟ್ಟಿ, ಜಾರದ ನೆಲದಲ್ಲಿ ಒಣಹುಲ್ಲು ಹಾಸಿ. ಟಿಂಚರ್ ಅಯೋಡಿನ್, ಹೊಸ ಬ್ಲೇಡು, ದಾರ, ಸಾಬೂನು, ಒಗೆದ ಬಟ್ಟೆ, ಕೈಗವಸು, ಬ್ಯಾಟರಿ ಇವನ್ನು ಒಂದೇ ಡಬ್ಬಿಯಲ್ಲಿಡಿ. ಪಶುವೈದ್ಯರ ದೂರವಾಣಿ ಸಂಖ್ಯೆಯನ್ನೂ ಸಂಚಾರಿ ಪಶುಚಿಕಿತ್ಸಾ ವಾಹನದ 1962 ಸಂಖ್ಯೆಯನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆಯಿರಿ.

ವೈದ್ಯರನ್ನು ಕರೆಯುವುದು ಯಾವಾಗ?

ಮೊದಲು ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಂಡರೆ ಕರು ಸರಿಯಾಗಿದೆ. ಒಂದೇ ಕಾಲು ಅಥವಾ ಬರೀ ಬಾಲ ಕಂಡರೆ, ಕಾಲು ಬಂದೂ ತಲೆ ಕಾಣದಿದ್ದರೆ ಎಳೆಯಬೇಡಿ. ಎಳೆದಷ್ಟೂ ಕರು ಸಿಕ್ಕಿಕೊಳ್ಳುತ್ತದೆ, ಗರ್ಭಕೋಶ ಹರಿಯಬಹುದು. ನೀರಿನ ಚೀಲ ಒಡೆದು ಒಂದು ಗಂಟೆಯಾದರೂ, ಕಡಸಾದರೆ ಎರಡು ಗಂಟೆಯಾದರೂ, ಹೆರಿಗೆ ಮುಂದುವರಿಯದಿದ್ದರೆ ತಡಮಾಡಬೇಡಿ. ನೋವು ತಿನ್ನುತ್ತಿದ್ದರೂ ನೀರಿನ ಚೀಲವೇ ಕಾಣದಿದ್ದರೆ ಗರ್ಭಕೋಶ ತಿರುಚಿಕೊಂಡಿರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು.

ಕರು ಬಿದ್ದೊಡನೆ

ಮೂಗು ಬಾಯಿಯ ಲೋಳೆ ತೆಗೆಯಿರಿ. ಉಸಿರಾಡದಿದ್ದರೆ ಹುಲ್ಲುಕಡ್ಡಿಯಿಂದ ಮೂಗಿನ ಹೊಳ್ಳೆ ಕೆಣಕಿ, ಒಣಹುಲ್ಲಿನಿಂದ ಎದೆ ಉಜ್ಜಿ. ಹೊಕ್ಕುಳಬಳ್ಳಿಯನ್ನು ಎರಡು ಅಂಗುಲ ಬಿಟ್ಟು ಕಟ್ಟಿ, ಕತ್ತರಿಸಿ, ಟಿಂಚರ್ ಅಯೋಡಿನ್ ಹಚ್ಚಿ.

ಕಸ ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದೆಂಬ ರೂಢಿ ಕೆಲವೆಡೆ ಇದೆ. ಇದು ತಪ್ಪು. ರೋಗ ತಡೆಯುವ ಶಕ್ತಿ ಕರುವಿಗೆ ಬರುವುದೇ ಗಿಣ್ಣುಹಾಲಿನಿಂದ. ಗಂಟೆ ಕಳೆದಂತೆ ಅದನ್ನು ಹೀರಿಕೊಳ್ಳುವ ಶಕ್ತಿ ಕುಂದುತ್ತದೆ. ಎರಡು ಗಂಟೆಯೊಳಗೆ ಕುಡಿಸಲು ಆರಂಭಿಸಿ. 25 ಕಿಲೋ ತೂಗುವ ಕರುವಿಗೆ ಮೊದಲ ದಿನ ಕನಿಷ್ಠ ಎರಡೂವರೆ ಲೀಟರ್ ಬೇಕು. ಕರು ಚೀಪಿದರೆ ಕಸ ಬೀಳುವುದಕ್ಕೂ ಅನುಕೂಲ.

ಹಸುವಿನ ಮೇಲೆ ಕಣ್ಣಿಡಿ

12 ಗಂಟೆಯಾದರೂ ಕಸ ಬೀಳದಿದ್ದರೆ ವೈದ್ಯರಿಗೆ ತಿಳಿಸಿ. ಕೈಯಿಂದ ಎಳೆಯುವುದು, ಅದಕ್ಕೆ ಕಲ್ಲು ಕಟ್ಟುವುದು ಬೇಡ. ಬಿದ್ದ ಕಸವನ್ನು ಬರಿಗೈಯಲ್ಲಿ ಮುಟ್ಟದೆ ಸುಣ್ಣ ಹಾಕಿ ಆಳವಾಗಿ ಹೂಳಿರಿ. ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಅದರಿಂದ ಮನುಷ್ಯರಿಗೂ ಅಂಟಬಲ್ಲದು.

ಗರ್ಭಕೋಶ ಹೊರಬಿದ್ದರೆ ಒದ್ದೆಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ನಾಯಿ ಕಾಗೆ ಮುಟ್ಟದಂತೆ ಕಾಯಿರಿ. ವೈದ್ಯರು ಬರುವವರೆಗೆ ಹಸುವನ್ನು ನಡೆಸಬೇಡಿ.

ಹೆಚ್ಚು ಹಾಲಿನ ಹಸು ಈದ ಎರಡು ಮೂರು ದಿನಗಳಲ್ಲಿ ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ಹೊರಳಿಸಿ ಮಲಗಿದರೆ ಅದು ಹಾಲುಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ಸುಡುವುದಿಲ್ಲ. ರಕ್ತದಲ್ಲಿ ಸುಣ್ಣದ ಅಂಶ ಇಳಿದಿರುವುದೇ ಕಾರಣ. ಗೊಟ್ಟದಲ್ಲಿ ಏನನ್ನೂ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಎದೆಯ ಮೇಲೆ ಕೂರುವಂತೆ ಹುಲ್ಲಿನ ಹೊರೆ ಒತ್ತುಕೊಟ್ಟು ವೈದ್ಯರನ್ನು ಕರೆಸಿ. ಸಕಾಲಕ್ಕೆ ಕ್ಯಾಲ್ಸಿಯಂ ಸಿಕ್ಕರೆ ಸಾಯುವಂತಿದ್ದ ಹಸುವೂ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ.